ಸಾಂತಾ ಮರಿಯಾ ಟ್ರೈ-ಟಿಪ್: ನಿಮ್ಮ ಗ್ರಿಲ್‌ನಲ್ಲಿ ರಾಟೆ ಎಲ್ಲಿದೆ?

ಕ್ಯಾಲಿಫೋರ್ನಿಯಾದ 101 ಹೆದ್ದಾರಿಯಲ್ಲಿ ಸಾನ್ ಲೂಯಿಸ್ ಒಬಿಸ್ಪೋ ದಾಟಿ ದಕ್ಷಿಣಕ್ಕೆ ಹೊರಟರೆ ಅರ್ಧ ಗಂಟೆಯಲ್ಲಿ ಸಾಂತಾ ಮರಿಯಾ ಸಿಗುತ್ತದೆ. ಶನಿವಾರ ಹೋದರೆ ಊರಿಗಿಂತ ಮೊದಲು ಓಕ್ ಸೌದೆಯ ಹೊಗೆ ಮೂಗಿಗೆ ಬಡಿಯುತ್ತದೆ. ರಸ್ತೆ ಬದಿಯ ಪಾರ್ಕಿಂಗ್ ಜಾಗಗಳಲ್ಲಿ ಟ್ರೇಲರ್ ಮೇಲೆ ದೊಡ್ಡ ಕಬ್ಬಿಣದ ತೊಟ್ಟಿ ಇಟ್ಟುಕೊಂಡು ಟ್ರೈ-ಟಿಪ್ ಎಂಬ ದನದ ಮಾಂಸ ಸುಡುತ್ತಿರುತ್ತಾರೆ. ತೊಟ್ಟಿಗೆ ಮುಚ್ಚಳ ಇಲ್ಲ. ಪಕ್ಕದಲ್ಲಿ ಒಂದು ಚಕ್ರ. ಅದನ್ನು ತಿರುಗಿಸಿದರೆ ಸರಪಳಿ ಎಳೆದುಕೊಂಡು ಜಾಲರಿ ಮೇಲೆ ಹೋಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕೆಂಡದ ಹತ್ತಿರ ಇಳಿಯುತ್ತದೆ. ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅಜ್ಜಿ ಮನೆಯ ಬಾವಿ ರಾಟೆ.

ಈ ಅಡುಗೆಯ ಗುಟ್ಟೆಲ್ಲ ಆ ರಾಟೆಯಲ್ಲೇ ಇದೆ. ಅಲ್ಲಿ ಯಾರೂ ಬೆಂಕಿಯನ್ನು ಸಣ್ಣ-ದೊಡ್ಡ ಮಾಡುವುದಿಲ್ಲ. ಕೆಂಡ ಇದ್ದ ಹಾಗೇ ಇರುತ್ತದೆ, ಮಾಂಸ ಹತ್ತಿರ-ದೂರ ಓಡಾಡುತ್ತದೆ. ನಿಮ್ಮ ಹಿತ್ತಲಲ್ಲಿರುವುದು ಇದ್ದಿಲ ಕೆಟಲ್ (ಮುಚ್ಚಳವಿರುವ ದುಂಡನೆಯ ಇದ್ದಿಲ ಗ್ರಿಲ್) ಆಗಿರಲಿ, ಗ್ಯಾಸ್ ಗ್ರಿಲ್ ಆಗಿರಲಿ, ಆ ಓಡಾಟಕ್ಕೆ ಅದರಲ್ಲಿ ಜಾಗ ಎಲ್ಲಿದೆ ಅಂತ ಹುಡುಕಿಕೊಂಡರೆ ಅರ್ಧ ಕೆಲಸ ಮುಗಿಯಿತು.

ನಾನು ಇದನ್ನು ಹುಡುಕಿಕೊಳ್ಳದೆ ಶುರು ಮಾಡಿದವನು. ಉರಿಯುವ ಇದ್ದಿಲಿನ ಮೇಲೆ ನೇರವಾಗಿ ಮಾಂಸ ಇಟ್ಟೆ. ಸಾಲದ್ದಕ್ಕೆ ಹಿಂದಿನ ರಾತ್ರಿಯೇ ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಚ್ಚಿದ್ದೆ. ಮೊಸರು ಸುಟ್ಟು ಕಮಟು ವಾಸನೆ. ಹೊರಗೆ ಬಾಣಲೆ ತಳದ ಹಾಗೆ ಕಪ್ಪು, ಒಳಗೆ ಫ್ರಿಜ್‌ನಿಂದ ತೆಗೆದಷ್ಟೇ ತಣ್ಣಗೆ. ಬಂದವರು ಆ ದಿನ ಮೊಸರನ್ನ ತಿಂದು ಹೋದರು.

ಯಾವ ಮಾಂಸ

ಟ್ರೈ-ಟಿಪ್ ಅಂದರೆ ದನದ ಸೊಂಟದ ಕೆಳಭಾಗದ, ಅಂದರೆ ಬಾಟಮ್ ಸರ್ಲಾಯಿನ್‌ನ, ತ್ರಿಕೋನಾಕಾರದ ಒಂದೇ ಸ್ನಾಯು. ಒಂದು ತುಂಡು ಸಾಮಾನ್ಯವಾಗಿ 2ರಿಂದ 3 ಪೌಂಡ್ ಇರುತ್ತದೆ. ನಾಲ್ಕೈದು ಜನರಿಗೆ ಸಾಕು.

ಸಾಂತಾ ಮರಿಯಾದ ಹಳೆಯ ಪದ್ಧತಿ ಇದರದ್ದಲ್ಲ. 19ನೇ ಶತಮಾನದ ನಡುವೆ ಅಲ್ಲಿನ ದೊಡ್ಡ ದನದ ದೊಡ್ಡಿಗಳಲ್ಲಿ, ದನ ಕಾಯುವ ವಕೇರೋಗಳಿಗೆ ಮತ್ತು ಅಕ್ಕಪಕ್ಕದವರಿಗೆ ಯಜಮಾನರು ಹಾಕಿಸುತ್ತಿದ್ದ ಊಟದಿಂದ ಇದು ಬಂತು. ಆಗ ಸುಡುತ್ತಿದ್ದದ್ದು ದಪ್ಪ ಟಾಪ್ ಸರ್ಲಾಯಿನ್ ತುಂಡುಗಳನ್ನು, ಸಲಾಕೆಗೆ ಪೋಣಿಸಿ. 1931ರಲ್ಲಿ ಸಾಂತಾ ಮರಿಯಾ ಕ್ಲಬ್ ತಿಂಗಳಿಗೊಮ್ಮೆ ಇಂಥ ಊಟ ಹಾಕಲು ಶುರು ಮಾಡಿತು, ಹೆಸರು ಹಬ್ಬಿತು. ಟ್ರೈ-ಟಿಪ್ ಬಂದಿದ್ದು 1950ರ ದಶಕದಲ್ಲಿ. ಅಲ್ಲಿಯ ಸೇಫ್‌ವೇ ಅಂಗಡಿಯ ಕಟುಕ ಬಾಬ್ ಶುಟ್ಜ್ ಇದನ್ನು ಜನಪ್ರಿಯ ಮಾಡಿದ ಅನ್ನುತ್ತಾರೆ. ಅದಕ್ಕೂ ಮೊದಲು ಈ ತುಂಡು ಖೀಮಾಕ್ಕೋ ಸ್ಟ್ಯೂಗೋ ಹೋಗುತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಬೇರೆ ಕಡೆ ಇದ್ದರೆ ಕಟುಕನನ್ನೇ ಕೇಳಿ. ಎರಡು ಬಗೆ ಇರುತ್ತದೆ: ಕೊಬ್ಬು ಪೂರ್ತಿ ತೆಗೆದದ್ದು, ಒಂದು ಮಗ್ಗುಲಲ್ಲಿ ಕೊಬ್ಬಿನ ಪದರ ಬಿಟ್ಟದ್ದು. ನಾನು ಎರಡನೆಯದನ್ನೇ ತರುತ್ತೇನೆ. ಮನೆಗೆ ತಂದು ಕಾಲು ಇಂಚು ಪದರ ಉಳಿಸಿ ಮಿಕ್ಕಿದ್ದನ್ನು ಹೆರೆಯುತ್ತೇನೆ. ಇನ್ನೊಂದು ಮಗ್ಗುಲಲ್ಲಿ ಬೆಳ್ಳಗೆ ಮಿನುಗುವ ಪೊರೆ ಇದ್ದರೆ ಅದನ್ನೂ ಚಾಕು ತೂರಿಸಿ ತೆಗೆಯಿರಿ. ಅದು ಎಷ್ಟು ಬೆಂದರೂ ಅಗಿಯಲು ಬರುವುದಿಲ್ಲ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. 2020ರ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಅಲ್ಲಿ ಕಡಿಯಲು ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ. ಅಷ್ಟು ವಯಸ್ಸಾದ ಮಾಂಸ ಈ ಅಡುಗೆಗೆ ಆಗುವುದಿಲ್ಲ. ಅದು ನಿಧಾನವಾಗಿ ಸಾರಿನಲ್ಲಿ ಬೇಯಬೇಕು. ಹಾಗಾಗಿ ಇದು ಹೊರಗಿರುವವರಿಗೆ ಬರೆದದ್ದು.

ಉಪ್ಪು ಹಾಕುವ ಮುಂಚೆ ಒಂದು ಫೋಟೋ

ಮಾಂಸವನ್ನು ಹಲಗೆ ಮೇಲೆ ಇಟ್ಟು ನೋಡಿ. ಮರದ ಹಲಗೆಯಲ್ಲಿ ಗೆರೆ ಕಾಣುವ ಹಾಗೆ ನಾರಿನ ಎಳೆಗಳು ಕಾಣುತ್ತವೆ. ಟ್ರೈ-ಟಿಪ್ ಆಕಾರ ಮಡಿಸಿದ ಮೊಣಕೈ ಥರ ಇರುತ್ತದೆ. ಒಂದು ತೋಳಿನಲ್ಲಿ ಎಳೆ ಒಂದು ದಿಕ್ಕಿಗೆ ಓಡಿದರೆ, ಮೊಣಕೈ ತಿರುಗಿದ ಮೇಲೆ ಇನ್ನೊಂದು ದಿಕ್ಕಿಗೆ ಓಡುತ್ತದೆ. ಈಗಲೇ ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಸುಟ್ಟ ಮೇಲೆ ಕರಿಮೆಣಸಿನ ಕಪ್ಪು ಪದರದಡಿ ಎಳೆ ಕಾಣುವುದೇ ಇಲ್ಲ. ಕೊಯ್ಯುವಾಗ ಈ ಫೋಟೋ ಬೇಕಾಗುತ್ತದೆ.

ಮಸಾಲೆ ಅಂದರೆ ಉಪ್ಪು, ಕರಿಮೆಣಸು, ಬೆಳ್ಳುಳ್ಳಿ. ಮುಗೀತು. ಗರಂ ಮಸಾಲೆ ಕಡೆ ಕೈ ಹೋಗುತ್ತದೆ, ಗೊತ್ತು. ತಡೆದುಕೊಳ್ಳಿ. ಇಲ್ಲಿ ಓಕ್ ಹೊಗೆಯೇ ಮಸಾಲೆ. ಲವಂಗ, ಚಕ್ಕೆ ಬಂದರೆ ಅದರ ದನಿ ಕೇಳಿಸುವುದಿಲ್ಲ. ಆದರೆ ಮೆಣಸು ಮಾತ್ರ ಊರಿನದ್ದೇ ಹಾಕಿ. ಸಕಲೇಶಪುರದಿಂದಲೋ ಮಡಿಕೇರಿಯಿಂದಲೋ ಬರುವವರ ಸೂಟ್‌ಕೇಸಿನಲ್ಲಿ ಒಂದು ಪೊಟ್ಟಣ ಇದ್ದೇ ಇರುತ್ತದಲ್ವಾ? ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ನುಣ್ಣಗಿನ ಪುಡಿ ಬೇಗ ಸೀದುಹೋಗುತ್ತದೆ.

ಒಂದು ಕಿಲೋ ಮಾಂಸಕ್ಕೆ 12 ಗ್ರಾಂ ಉಪ್ಪು, ಎರಡು ಟೀ ಚಮಚ ಮೆಣಸಿನ ತರಿ, ಎರಡು ಟೀ ಚಮಚ ಬೆಳ್ಳುಳ್ಳಿ ಪುಡಿ. ಹಸಿ ಬೆಳ್ಳುಳ್ಳಿ ಬೇಡ, ಕೆಂಡಕ್ಕೆ ಕರಕಲಾಗಿ ಕಹಿಯಾಗುತ್ತದೆ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಗಿ. ದಪ್ಪ ಹರಳಿನ ಕೋಶರ್ ಉಪ್ಪು, ಪುಡಿ ಉಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನಲ್ಲಿ ಇಟ್ಟರೆ ಒಳ್ಳೆಯದು. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಆ ನೀರಿನ ಜತೆ ಒಳಗೆ ಹೋಗುತ್ತದೆ. ಬೆಳಗ್ಗೆ ಮೇಲ್ಮೈ ಒಣಗಿರುತ್ತದೆ, ಬೇಗ ಕೆಂಪಗಾಗುತ್ತದೆ. ಟೈಮ್ ಇಲ್ಲದಿದ್ದರೆ ಒಂದು ಗಂಟೆ ಮೊದಲಾದರೂ ಹಾಕಿ. ಮೆಣಸು, ಬೆಳ್ಳುಳ್ಳಿಯನ್ನು ಗ್ರಿಲ್‌ಗೆ ಇಡುವ ಮುಂಚೆ ಹಚ್ಚಿದರೆ ಸಾಕು.

ಥರ್ಮಾಮೀಟರ್ ಇಲ್ಲದೆ ಕೈ ಹಾಕಬೇಡಿ

ಅನ್ನ ಬೆಂದಿದೆಯಾ ಅಂತ ಅಗುಳು ಹಿಸುಕಿ ನೋಡಬಹುದು. ಇಲ್ಲಿ ಆಗುವುದಿಲ್ಲ. ಹದಿನೈದು-ಇಪ್ಪತ್ತು ಡಾಲರಿಗೆ ಡಿಜಿಟಲ್ ಥರ್ಮಾಮೀಟರ್ ಬರುತ್ತದೆ, ತನ್ನಿ. ತುಂಡಿನ ಪಕ್ಕದಿಂದ, ಅತಿ ದಪ್ಪ ಇರುವ ಕಡೆ, ಮೊನೆ ನಡುಮಧ್ಯ ಬರುವ ಹಾಗೆ ಚುಚ್ಚಿ.

ಇಲ್ಲಿನ ಗ್ರಿಲ್‌ಗಳೆಲ್ಲ ಫ್ಯಾರನ್‌ಹೀಟ್‌ನಲ್ಲೇ ಮಾತಾಡುವುದರಿಂದ ನಾನೂ ಅದರಲ್ಲೇ ಹೇಳುತ್ತೇನೆ. ಒಳಗೆ ಗುಲಾಬಿ ಬಣ್ಣ, ರಸ ತುಂಬಿದ ಮೀಡಿಯಂ ರೇರ್ ಬೇಕಾದರೆ ಕೊನೆಯ ಬಿಸಿ 130ರಿಂದ 135 ಡಿಗ್ರಿ, ಅಂದರೆ ಸುಮಾರು 54ರಿಂದ 57 ಸೆಲ್ಸಿಯಸ್. ಅಮೆರಿಕದ ಕೃಷಿ ಇಲಾಖೆ ಹೇಳುವುದು 145 ಡಿಗ್ರಿ, ಮೇಲೆ ಮೂರು ನಿಮಿಷ ಬಿಡುವು. ಅದು 63 ಸೆಲ್ಸಿಯಸ್. ಮನೆಯಲ್ಲಿ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಅದನ್ನೇ ಪಾಲಿಸಿ. 155 ದಾಟಿದರೆ ಟ್ರೈ-ಟಿಪ್ ಒಣಕಲು. ನಮ್ಮವರಲ್ಲಿ ಬಹಳ ಜನಕ್ಕೆ ಗುಲಾಬಿ ಬಣ್ಣ ನೋಡಿದರೆ ಮುಖ ಸಿಂಡರಿಸುತ್ತದೆ. ಅವರಿಗಾಗಿ ಇಡೀ ತುಂಡನ್ನು ಕೆಡಿಸಬೇಕಿಲ್ಲ. ತ್ರಿಕೋನದ ತೆಳು ಮೊನೆ ತಾನಾಗಿಯೇ ಜಾಸ್ತಿ ಬೆಂದಿರುತ್ತದೆ. ಅದನ್ನು ಅವರಿಗೆ, ದಪ್ಪ ನಡುಭಾಗ ನಿಮಗೆ.

ಕೆಳಗಿಳಿಸಿದ ಮೇಲೂ ಒಳಗಿನ ಬಿಸಿ ಐದಾರು ಡಿಗ್ರಿ ಏರುತ್ತದೆ. ಆದ್ದರಿಂದ 130 ಬೇಕಾದರೆ 125ಕ್ಕೇ ಎತ್ತಿ.

ನಿಜವಾದ ರಾಟೆ ಇರುವ ಗ್ರಿಲ್

ಸಾಂತಾ ಮರಿಯಾ ಗ್ರಿಲ್ ಸಿಕ್ಕರೆ ಭಾಗ್ಯ. ಸೌದೆ ಕೆಂಪು ಓಕ್‌ದು. ಅಲ್ಲಿಯವರು ರೆಡ್ ಓಕ್ ಅನ್ನುವುದು ಕರಾವಳಿಯ ಲೈವ್ ಓಕ್ ಮರಕ್ಕೆ. ಸಿಗದಿದ್ದರೆ ಬೇರೆ ಓಕ್ ನಡೆಯುತ್ತದೆ. ಮೆಸ್ಕೀಟ್ ಎಂಬ ಇನ್ನೊಂದು ಮರದ ಹೊಗೆ ನನಗೆ ಖಾರ ಅನಿಸುತ್ತದೆ.

ಸೌದೆ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿರಿ. ಜ್ವಾಲೆ ಇರುವವರೆಗೂ ಮಾಂಸ ಇಡಬೇಡಿ. ಜ್ವಾಲೆ ಮಸಿ ಹಿಡಿಸುತ್ತದೆ, ಬೇಯಿಸುವುದು ಕೆಂಡ. ನಿಗಿನಿಗಿ ಕೆಂಡದ ಮೇಲೆ ತೆಳ್ಳಗೆ ಬೂದಿ ಕಟ್ಟಿದಾಗ ಹದ. ಜಾಲರಿಯ ಮಟ್ಟದಲ್ಲಿ ಅಂಗೈ ಹಿಡಿಯಿರಿ. ಮೂರು ಎಣಿಸುವಷ್ಟರಲ್ಲಿ ಕೈ ಎಳೆದುಕೊಂಡರೆ ಸುಡುವ ಬಿಸಿ. ಏಳೆಂಟು ಎಣಿಸುವವರೆಗೆ ತಾಳಿದರೆ ಬೇಯುವ ಬಿಸಿ.

ಜಾಲರಿ ಇಳಿಸಿ ಸುಡುವ ಬಿಸಿಯಲ್ಲಿ ಎರಡೂ ಮಗ್ಗುಲು ನಾಲ್ಕೈದು ನಿಮಿಷ ಇಡಿ. ಕೊಬ್ಬಿನ ಮಗ್ಗುಲು ಕೆಳಗಿದ್ದಾಗ ರಾಟೆಯಿಂದ ಕೈ ತೆಗೆಯಬೇಡಿ. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದರೆ ಭಗ್ ಎಂದು ಉರಿ ಏಳುತ್ತದೆ. ಎದ್ದ ತಕ್ಷಣ ಎರಡು ಸುತ್ತು ತಿರುಗಿಸಿ ಮೇಲೆತ್ತಿ, ಅಡಗಿದ ಮೇಲೆ ಇಳಿಸಿ. ನೀರು ಚಿಮುಕಿಸಬೇಡಿ, ಬೂದಿಯೆಲ್ಲ ಹಾರಿ ಮಾಂಸಕ್ಕೆ ಅಂಟುತ್ತದೆ. ಬಣ್ಣ ಬಂದ ಮೇಲೆ ಜಾಲರಿ ಬೇಯುವ ಬಿಸಿಗೆ ಏರಿಸಿ, ಐದು ನಿಮಿಷಕ್ಕೊಮ್ಮೆ ಮಗುಚುತ್ತಾ ಇರಿ. ಎರಡೂವರೆ ಪೌಂಡಿನ ತುಂಡಿಗೆ ಒಟ್ಟು 35ರಿಂದ 45 ನಿಮಿಷ. ಆದರೆ ಗಡಿಯಾರವನ್ನು ನಂಬಬೇಡಿ, ಥರ್ಮಾಮೀಟರನ್ನು ನಂಬಿ.

ಇದ್ದಿಲ ಕೆಟಲ್

ಬಹಳ ಜನರ ಹಿತ್ತಲಲ್ಲಿರುವುದು ಇದೇ, 22 ಇಂಚಿನ, ವೆಬರ್ ಕಂಪನಿಯ ಗ್ರಿಲ್ ಥರದ್ದು. ಇದರಲ್ಲಿ ಜಾಲರಿ ಏಳುವುದಿಲ್ಲ, ಇಳಿಯುವುದಿಲ್ಲ. ರಾಟೆಯನ್ನು ಮಲಗಿಸಿ: ಮೇಲೆ-ಕೆಳಗೆ ಹೋಗುವ ಬದಲು ಎಡ-ಬಲ ಹೋಗಿ. ಇದ್ದಿಲನ್ನೆಲ್ಲ ಒಂದೇ ಮಗ್ಗುಲಿಗೆ ರಾಶಿ ಹಾಕಿ. ಇನ್ನೊಂದು ಮಗ್ಗುಲು ಪೂರ್ತಿ ಖಾಲಿ. ಖಾಲಿ ಕಡೆ ಅಂದರೆ ರಾಟೆ ಮೇಲಿದೆ, ಕೆಂಡದ ಕಡೆ ಅಂದರೆ ಕೆಳಗಿದೆ.

ಇಲ್ಲಿ ನಾನು ಕ್ರಮ ತಿರುಗಿಸುತ್ತೇನೆ. ಮೊದಲು ಬೇಯಿಸುವುದು, ಕೊನೆಗೆ ಸುಡುವುದು. ನಿಧಾನವಾಗಿ ಬೆಂದು ಬಂದ ಮಾಂಸದ ಮೈ ಒಣಗಿರುತ್ತದೆ. ಆಗ ಕೆಂಡಕ್ಕೆ ಹಿಡಿದರೆ ಎರಡೇ ನಿಮಿಷಕ್ಕೆ ಪದರ ಕಟ್ಟುತ್ತದೆ. ಒಳಗೆ ಬೂದು ಬಣ್ಣದ ಅಂಚು ಕಡಿಮೆ, ಗುಲಾಬಿ ಜಾಸ್ತಿ.

ಚಿಮಣಿ ಸ್ಟಾರ್ಟರ್‌ನಲ್ಲಿ (ಇದ್ದಿಲು ಹಚ್ಚುವ ಲೋಹದ ಕೊಳವೆ) ಮುಕ್ಕಾಲು ಭಾಗ ಇದ್ದಿಲು ಹಚ್ಚಿ, ಮೇಲಿನವಕ್ಕೂ ಬೂದಿ ಕಟ್ಟಿದಾಗ ಸುರಿಯಿರಿ. ಲೈಟರ್ ದ್ರವ ಬೇಡ, ಸೀಮೆಎಣ್ಣೆ ವಾಸನೆ ಬರುತ್ತದೆ. ಕೆಂಡದ ಮೇಲೆ ಮುಷ್ಟಿ ಗಾತ್ರದ ಎರಡು ಓಕ್ ತುಂಡು ಇಡಿ. ಮಾಂಸ ಖಾಲಿ ಕಡೆಗೆ, ದಪ್ಪ ಭಾಗ ಕೆಂಡಕ್ಕೆ ಮುಖ ಮಾಡಿ. ಮುಚ್ಚಳ ಹಾಕುವಾಗ ಅದರ ಗಾಳಿಕಿಂಡಿ ಮಾಂಸದ ಮೇಲೆ ಬರಲಿ. ಆಗ ಹೊಗೆ ಕೆಂಡದಿಂದ ಹೊರಟು ಮಾಂಸದ ಮೇಲೆ ಹಾದು ಹೋಗುತ್ತದೆ. ತಳದ ಕಿಂಡಿ ಅರ್ಧ ತೆರೆದು 250ರಿಂದ 275 ಡಿಗ್ರಿಯಲ್ಲಿ ಇಟ್ಟುಕೊಳ್ಳಿ. ಬಿಳಿ ದಟ್ಟ ಹೊಗೆ ಬಂದರೆ ಸೌದೆ ಉಸಿರುಗಟ್ಟಿದೆ ಅಂತ ಅರ್ಥ, ಕಿಂಡಿ ಇನ್ನಷ್ಟು ತೆರೆಯಿರಿ. ಕಾಣಿಸಿಯೂ ಕಾಣಿಸದ ನೀಲಿ ಹೊಗೆ ಬೇಕು.

ಅರ್ಧ ಗಂಟೆ ಆದ ಮೇಲೆ ನೋಡುತ್ತಿರಿ. ಒಳಗೆ 110ರಿಂದ 115 ಡಿಗ್ರಿ ಆದಾಗ ಮುಚ್ಚಳ ತೆಗೆದು, ಕೆಂಡಕ್ಕೆ ಎರಡು ನಿಮಿಷ ಗಾಳಿ ಬಿಡಿ. ಕೆಂಪಗಾದ ಮೇಲೆ ಮಾಂಸವನ್ನು ಅದರ ಮೇಲೆ ತಂದು ಪ್ರತಿ ನಿಮಿಷ ಮಗುಚಿ. ಉರಿ ಎದ್ದರೆ ಇಕ್ಕಳದಲ್ಲಿ ಹಿಡಿದು ಖಾಲಿ ಕಡೆಗೆ ಸರಿಸಿ. ರಾಟೆ ತಿರುಗಿಸಿದಂತೆಯೇ. ಐದಾರು ನಿಮಿಷದಲ್ಲಿ ಮುಗಿಯುತ್ತದೆ.

ಗ್ಯಾಸ್ ಗ್ರಿಲ್

ಇದರಲ್ಲಿ ರಾಟೆ ಅಂದರೆ ಗುಂಡಿಗಳು ಅಂದುಕೊಂಡರೆ ತಪ್ಪು. ಉರಿ ಸಣ್ಣ ಮಾಡಿದರೂ ಮಾಂಸದ ಅಡಿಯಲ್ಲೇ ಇರುತ್ತದಲ್ಲ? ಮೂರು ಬರ್ನರ್ ಇದ್ದರೆ ತುದಿಯದ್ದೊಂದನ್ನು ಹಚ್ಚಿ, ಎರಡನ್ನು ಆರಿಸಿ, ಆರಿಸಿದ ಕಡೆ ಮಾಂಸ ಇಡಿ.

ಕೊರತೆ ಇರುವುದು ಹೊಗೆಯದ್ದು. ಓಕ್ ಚಕ್ಕೆಗಳನ್ನು ಫಾಯಿಲ್‌ನಲ್ಲಿ ಪೊಟ್ಟಣ ಕಟ್ಟಿ, ನಾಲ್ಕೈದು ತೂತು ಚುಚ್ಚಿ, ಉರಿಯುವ ಬರ್ನರ್ ಮೇಲೆ ಇಡಿ. ಚಕ್ಕೆಯನ್ನು ನೆನೆಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಡ. ನೆನೆಸಿದರೆ ಮೊದಲು ಹಬೆ ಬರುತ್ತದೆ, ಹೊಗೆ ತಡವಾಗುತ್ತದೆ, ಅಷ್ಟೆ. ಹೊಗೆ ಶುರುವಾದ ಮೇಲೆಯೇ ಮಾಂಸ ಇಡಿ. ತಣ್ಣಗಿರುವ, ತೇವದ ಮೈ ಹೊಗೆಯನ್ನು ಚೆನ್ನಾಗಿ ಹಿಡಿಯುತ್ತದೆ. ಮುಚ್ಚಳದ ಮೇಲಿನ ಮೀಟರ್ ತೋರಿಸುವುದು ಮುಚ್ಚಳದ ಬಿಸಿ, ಜಾಲರಿಯದ್ದಲ್ಲ. ಒಳಗೆ 110 ಆದಾಗ ಮಾಂಸವನ್ನು ತಟ್ಟೆಗೆ ತೆಗೆದು, ಎಲ್ಲ ಬರ್ನರ್ ಪೂರ್ತಿ ಹಚ್ಚಿ, ಹತ್ತು ನಿಮಿಷ ಜಾಲರಿ ಕಾಯಿಸಿ. ಆಮೇಲೆ ಮಾಂಸವನ್ನು ವಾಪಸ್ ಇಟ್ಟು, ಎರಡೂ ಮಗ್ಗುಲು ಸುಟ್ಟು ಮುಗಿಸಿ.

ಪೆಲೆಟ್, ಕಮಾಡೋ, ಬಾಲ್ಕನಿ

ಪೆಲೆಟ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆ. ಅದನ್ನು ಉರಿಸುವ ಪೆಲೆಟ್ ಗ್ರಿಲ್ ಸೋಮಾರಿಗಳ ಸ್ವರ್ಗ. ಓಕ್ ಪೆಲೆಟ್ ತುಂಬಿ, 225ಕ್ಕೆ ಇಟ್ಟು, ಒಂದು ಗಂಟೆ ಹತ್ತಿರ ಮರೆತುಬಿಡಿ. ಆದರೆ ಇಂಥ ಬಹಳಷ್ಟು ಗ್ರಿಲ್‌ಗಳಿಗೆ ಚೆನ್ನಾಗಿ ಸುಡಲು ಬರುವುದಿಲ್ಲ. ಕೊನೆಯ ಐದು ನಿಮಿಷ ಒಲೆ ಮೇಲೆ ಕಾದ ಎರಕದ ಕಬ್ಬಿಣದ ಬಾಣಲೆಯಲ್ಲಿ ಮುಗಿಸಿ. ಪೆಲೆಟ್‌ನವರ ರಾಟೆ ಅಂದರೆ ಹಿತ್ತಲಿಂದ ಅಡುಗೆಮನೆಗೆ ನಡೆಯುವ ದಾರಿ.

ಕಮಾಡೋ ಅಂದರೆ ದಪ್ಪ ಸೆರಾಮಿಕ್ ಗೋಡೆಯ ಮೊಟ್ಟೆಯಾಕಾರದ ಒಲೆ. ಒಮ್ಮೆ ಕಾದರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಅದಕ್ಕೇ ಕಡಿಮೆ ಬಿಸಿಯಿಂದ ಶುರು ಮಾಡಿ ಮೇಲೇರಿ. ಮುಚ್ಚಳವನ್ನು ಒಮ್ಮೆಗೇ ತೆರೆಯಬೇಡಿ. ಒಳಗೆ ಗಾಳಿಗಾಗಿ ಕಾಯುತ್ತಿರುವ ಬೆಂಕಿ ಮುಖಕ್ಕೆ ಹಾರುತ್ತದೆ. ಎರಡಿಂಚು ಎತ್ತಿ, ಎರಡು ಸಲ ಉಸಿರು ಬಿಡಿಸಿ, ಆಮೇಲೆ ತೆರೆಯಿರಿ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಮೊದಲು ಬಾಡಿಗೆ ಕರಾರು ಓದಿ. ಮರದ ಬಾಲ್ಕನಿಯಲ್ಲಿ, ಅಥವಾ ಹೊತ್ತಿಕೊಳ್ಳುವ ಗೋಡೆಯಿಂದ 10 ಅಡಿ ಒಳಗೆ, ಇದ್ದಿಲು ಉರಿಸಲು ಕ್ಯಾಲಿಫೋರ್ನಿಯಾದ ಬಹಳಷ್ಟು ವಸತಿ ಸಂಕೀರ್ಣಗಳಲ್ಲಿ ಬಿಡುವುದಿಲ್ಲ. ಮಳೆ ಬಂತು ಅಂತ ಗ್ಯಾರೇಜಿನೊಳಗೆ ಇದ್ದಿಲ ಗ್ರಿಲ್ ಎಳೆದುಕೊಂಡು ಹೋಗುವುದಂತೂ ಪ್ರಾಣಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಅದರ ಬದಲು ಓವನ್‌ನಲ್ಲಿ 250 ಡಿಗ್ರಿಗೆ ಬೇಯಿಸಿ, ಬಾಣಲೆಯಲ್ಲಿ ಸುಡಿ. ಹೊಗೆ ಇಲ್ಲ, ಆದರೆ ರುಚಿಗೆ ಮೋಸ ಇಲ್ಲ.

ಕೊಯ್ಯುವುದು

ಎಲ್ಲ ಸರಿಯಾಗಿ ಮಾಡಿ ಇಲ್ಲಿ ಕೆಡಿಸುವವರೇ ಜಾಸ್ತಿ. ಬೆಂಕಿಯಿಂದ ಇಳಿಸಿದ ಮಾಂಸವನ್ನು ಹಲಗೆ ಮೇಲೆ ಹತ್ತರಿಂದ ಹದಿನೈದು ನಿಮಿಷ ಸುಮ್ನೆ ಬಿಡಿ. ಫಾಯಿಲ್ ಬಿಗಿಯಾಗಿ ಸುತ್ತಬೇಡಿ, ಕಷ್ಟಪಟ್ಟು ಕಟ್ಟಿದ ಪದರ ಹಬೆಗೆ ಮೆತ್ತಗಾಗುತ್ತದೆ.

ಈಗ ಮೊದಲೇ ತೆಗೆದಿಟ್ಟ ಫೋಟೋ ನೋಡಿ. ಎಳೆ ದಿಕ್ಕು ಬದಲಿಸುವ ಮೊಣಕೈ ಜಾಗ ಗುರುತಿಸಿ, ಅಲ್ಲಿ ತುಂಡನ್ನು ಎರಡು ಮಾಡಿ. ಒಂದು ಭಾಗ ಬದಿಗಿಡಿ. ಇನ್ನೊಂದರಲ್ಲಿ ಈಗ ಕತ್ತರಿಸಿದ ಮುಖದಲ್ಲೇ ಎಳೆ ಕಾಣುತ್ತದೆ. ಚಾಕುವನ್ನು ಎಳೆಗೆ ಅಡ್ಡ ಹಿಡಿದು, ಪೆನ್ಸಿಲ್ ದಪ್ಪಕ್ಕೆ ಕೊಯ್ಯಿರಿ. ಬದಿಗಿಟ್ಟ ಭಾಗವನ್ನು ತಿರುಗಿಸಿ ಇಟ್ಟುಕೊಂಡು ಅದನ್ನೂ ಅದರ ಎಳೆಗೆ ಅಡ್ಡವಾಗಿ. ಸರಿಯಾಗಿ ಕೊಯ್ದಿದ್ದೀರಾ ಅಂತ ನೋಡಲು ಒಂದು ಹೋಳನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ಬಿಟ್ಟುಕೊಂಡರೆ ಸರಿ. ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿದರೆ ಚಾಕುವಿನ ದಿಕ್ಕು ತಪ್ಪಿದೆ. ಅದೇ ಮಾಂಸ, ಅದೇ ಬೇಯುವಿಕೆ, ಬರೀ ಕೊಯ್ದ ದಿಕ್ಕಿನಿಂದ ಬೆಣ್ಣೆಯೂ ಆಗಬಹುದು, ಚಪ್ಪಲಿಯೂ ಆಗಬಹುದು.

ಪಕ್ಕಕ್ಕೆ ಏನು

ಅಲ್ಲಿನ ಪದ್ಧತಿಯಲ್ಲಿ ಪಿಂಕೀಟೋ ಬೀನ್ಸ್, ಸಾಲ್ಸಾ, ಹಸಿರು ಸಲಾಡ್, ಬೆಣ್ಣೆಯಲ್ಲಿ ಅದ್ದಿ ಸುಟ್ಟ ಫ್ರೆಂಚ್ ಬ್ರೆಡ್ ಇರಲೇಬೇಕು. 1978ರಲ್ಲಿ ಊರಿನ ವಾಣಿಜ್ಯ ಮಂಡಳಿ ಈ ಊಟದ ಪಟ್ಟಿಗೆ ಹಕ್ಕುಸ್ವಾಮ್ಯವನ್ನೂ ಮಾಡಿಸಿತ್ತು! ಪಿಂಕೀಟೋ ಸಾಂತಾ ಮರಿಯಾ ಕಣಿವೆಯಲ್ಲಿ ಬೆಳೆಯುವ ಸಣ್ಣ ಗುಲಾಬಿ ಕಾಳು. ಬೆಂದರೂ ಒಡೆಯುವುದಿಲ್ಲ. ಸಿಗದಿದ್ದರೆ ಸಣ್ಣ ರಾಜ್ಮಾ ಹಾಕಿ, ಟೊಮೇಟೊ, ಬೇಕನ್, ಸ್ವಲ್ಪ ಸಾಸಿವೆ ಪುಡಿ ಸೇರಿಸಿ ಕುದಿಸಿ. ಸಾಲ್ಸಾಗೆ ಟೊಮೇಟೊ, ಸೆಲರಿ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ. ಬೇಳೆ ಇಲ್ಲದ ಕೋಸಂಬರಿ ಅಂದುಕೊಳ್ಳಿ. ಹಲಗೆ ಮೇಲೆ ಹರಿದ ರಸವನ್ನು ಚೆಲ್ಲಬೇಡಿ, ಬ್ರೆಡ್ಡಿನ ಬೆಣ್ಣೆಗೆ ಸೇರಿಸಿ.

ನಮ್ಮ ಗುಂಪಿನಲ್ಲಿ ದನದ ಮಾಂಸ ತಿನ್ನದವರು ಯಾವಾಗಲೂ ಇರುತ್ತಾರೆ. ಅವರ ಚಿಕನ್, ಪನೀರ್, ಜೋಳವನ್ನು ಮೊದಲು ಸುಟ್ಟು ಒಳಗೆ ಕಳಿಸಿ. ಇಕ್ಕಳ, ಹಲಗೆ ಬೇರೆಯೇ ಇರಲಿ. ಕೇಳುವ ಮೊದಲೇ ಹೇಳಿಬಿಟ್ಟರೆ ಅವರೂ ನಿರಾಳವಾಗಿ ಉಣ್ಣುತ್ತಾರೆ.

ಉಳಿದದ್ದು ಫ್ರಿಜ್‌ನಲ್ಲಿ ಮೂರು-ನಾಲ್ಕು ದಿನ ಇರುತ್ತದೆ. ಕೊಯ್ಯದೆ ಇಡೀ ತುಂಡಾಗಿಯೇ ಇಡಿ. ಮೈಕ್ರೋವೇವ್‌ಗೆ ಹಾಕಬೇಡಿ. ತಣ್ಣಗಿದ್ದಾಗ ಕಾಗದದಷ್ಟು ತೆಳ್ಳಗೆ ಕೊಯ್ದು, ಕುದಿಯುತ್ತಿರುವ ಬೀನ್ಸ್ ಮೇಲೆ ಹರಡಿ, ಒಲೆ ಆರಿಸಿ ಮುಚ್ಚಿಡಿ. ಎರಡು ನಿಮಿಷಕ್ಕೆ ಬಿಸಿಯಾಗುತ್ತದೆ, ಗುಲಾಬಿ ಬಣ್ಣ ಹಾಗೇ ಉಳಿಯುತ್ತದೆ.